ಹಲ್ಲಿನ ಸಂದಿಗೆ ಯಾವುದು ಸರಿ: ದಾರವೋ, ಪುಟ್ಟ ಬ್ರಷ್ಷೋ, ನೀರಿನ ಧಾರೆಯೋ?

ಬೆಳಗಿನನಡಿಗೆ

ನನಗೆ 43 ವರ್ಷ. ದಿನಕ್ಕೆ ಎರಡು ಸಲ, ಪ್ರತಿ ಸಲವೂ ಎರಡು ನಿಮಿಷ ಹಲ್ಲುಜ್ಜುತ್ತೇನೆ. ಎಷ್ಟೇ ದಣಿದಿದ್ದರೂ ಹಲ್ಲುಜ್ಜದೆ ಮಲಗಿದವಳಲ್ಲ. ಹಾಗಾಗಿ ಕಳೆದ ವಾರ ದಂತವೈದ್ಯರ ಕುರ್ಚಿಯಲ್ಲಿ ಕುಳಿತಾಗ ಯಾವ ಅಂಜಿಕೆಯೂ ಇರಲಿಲ್ಲ. ಅವರು ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಒಂದೊಂದೇ ಹಲ್ಲಿನ ಪಕ್ಕ ವಸಡಿನೊಳಗೆ ಇಳಿಸುತ್ತಾ ಸಹಾಯಕಿಗೆ ಅಂಕಿಗಳನ್ನು ಬರೆಸುತ್ತಿದ್ದರು. ಎರಡು, ಎರಡು, ಮೂರು ಎಂದು ಸಾಗುತ್ತಿದ್ದ ಲೆಕ್ಕ ದವಡೆ ಹಲ್ಲುಗಳ ನಡುವೆ ಬಂದಾಗಲೆಲ್ಲ ಐದಕ್ಕೆ ಏರುತ್ತಿತ್ತು. ಮೂರು ಮಿಲಿಮೀಟರ್‌ವರೆಗೆ ಚಿಂತೆಯಿಲ್ಲ, ಅದಕ್ಕಿಂತ ಆಳವಾಗುತ್ತಾ ಹೋದರೆ ವಸಡು ಹಲ್ಲನ್ನು ಬಿಟ್ಟುಕೊಡುತ್ತಿದೆ ಎಂದರ್ಥ ಎಂದು ಆಮೇಲೆ ತಿಳಿಸಿದರು. "ಮನೆಯ ಮುಂದೆ ಚೆನ್ನಾಗಿ ಗುಡಿಸಿದ್ದೀರಿ, ಓಣಿಗೆ ಮಾತ್ರ ಪೊರಕೆ ಮುಟ್ಟಿಸಿಲ್ಲ" ಎಂದರು. ಆ ಮಾತು ಚುಚ್ಚಿತು, ಆದರೆ ನಿಜ.

ಹಲ್ಲುಗಳನ್ನು ಆಳಕ್ಕೆ ಸ್ವಚ್ಛ ಮಾಡಿ, ಇನ್ನು ಮುಂದೆ ಸಂದುಗಳನ್ನು ದಿನವೂ ಶುಚಿ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಯಾವುದರಿಂದ ಎಂದು ಕೇಳುವಷ್ಟರಲ್ಲಿ ಮುಂದಿನವರ ಸರದಿ ಬಂದಿತ್ತು. ಅಂಗಡಿಯಲ್ಲಿ ನೋಡಿದರೆ ಮೇಣ ಸವರಿದ ದಾರ, ಸವರದ ದಾರ, ಪಟ್ಟಿಯಂತೆ ಚಪ್ಪಟೆಯಾದ ದಾರ, ಹಿಡಿಕೆಗೆ ಬಿಗಿದ ದಾರ, ಏಳೆಂಟು ಬಣ್ಣದ ಪುಟ್ಟ ಬ್ರಷ್‌ಗಳು, ರಬ್ಬರಿನ ಕಡ್ಡಿ, ಮರದ ಕಡ್ಡಿ, ನೀರು ಚಿಮ್ಮಿಸುವ ಯಂತ್ರ. ದಾರವನ್ನು ತಂದು ಮೂರು ದಿನ ಬಳಸಿದೆ. ಮೂರೂ ದಿನ ರಕ್ತ ಬಂತು. ಕೆಳಗೆ ಬಲಬದಿಯ ಒಂದು ಸಂದಿನಲ್ಲಿ ದಾರ ಎಳೆಎಳೆಯಾಗಿ ಹರಿದು ಒಳಗೇ ಸಿಕ್ಕಿಕೊಂಡಿತು. ಹೆದರಿ ಬಿಟ್ಟುಬಿಟ್ಟಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ, ಇವುಗಳಲ್ಲಿ ನಿಜಕ್ಕೂ ಕೆಲಸ ಮಾಡುವುದು ಯಾವುದು?

ನೀಲಿಪೆನ್ಸಿಲ್

ನೀರಿನ ಯಂತ್ರ ತೆಗೆದುಕೊಳ್ಳಿ. ಎರಡು ವರ್ಷದಿಂದ ಬಳಸುತ್ತಿದ್ದೇನೆ, ವಸಡಿನಲ್ಲಿ ರಕ್ತ ಬರುವುದು ಪೂರ್ತಿ ನಿಂತಿದೆ. ಬೆರಳಿಗೆ ದಾರ ಸುತ್ತಿಕೊಂಡು ಕನ್ನಡಿಯ ಮುಂದೆ ಸೆಣಸುವ ತಾಳ್ಮೆ ನನಗಂತೂ ಇಲ್ಲ.

ಎರಡನೇಪಾಳಿ

ನಾನು ದಂತವೈದ್ಯೆ, ವಸಡಿನ ಕಾಯಿಲೆಗಳೇ ನನ್ನ ದಿನನಿತ್ಯದ ಕೆಲಸ. ಬೆಳಗಿನನಡಿಗೆಯವರೇ, ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳೋಣ. ಯಾವ ಸಾಧನ ಉತ್ತಮ ಎನ್ನುವುದಕ್ಕಿಂತ ಮೊದಲು ನಿಮ್ಮ ಸಂದುಗಳು ಹೇಗಿವೆ ಎಂದು ನೋಡಬೇಕು. ಒಂದೇ ಬಾಯಲ್ಲಿ ನಾಲ್ಕು ಬಗೆಯ ಸಂದುಗಳಿರಬಹುದು. ಎಲ್ಲಕ್ಕೂ ಒಂದೇ ಸಾಧನ ಹೊಂದಬೇಕೆಂದು ನಿರೀಕ್ಷಿಸುವುದರಿಂದಲೇ ಬಹಳ ಜನ ಸೋತು ಕೈಬಿಡುತ್ತಾರೆ.

ದವಡೆ ಹಲ್ಲಿಗೆ ಐದು ಮುಖಗಳು: ಕೆನ್ನೆಯ ಕಡೆ, ನಾಲಿಗೆಯ ಕಡೆ, ಅಗಿಯುವ ಮೇಲ್ಭಾಗ, ಅಕ್ಕಪಕ್ಕದ ಹಲ್ಲುಗಳನ್ನು ಮುಟ್ಟುವ ಎರಡು ಬದಿಗಳು. ಸಾಮಾನ್ಯ ಬ್ರಷ್ ಮೊದಲ ಮೂರನ್ನು ಮುಟ್ಟುತ್ತದೆ, ಉಳಿದ ಎರಡಕ್ಕೆ ಅದರ ಎಳೆಗಳು ತಲುಪುವುದಿಲ್ಲ. ಆ ಜಾಗದ ವಸಡೂ ದುರ್ಬಲ. ಎರಡು ದವಡೆ ಹಲ್ಲುಗಳ ನಡುವಿನ ವಸಡು ಹೊರಗಿನಿಂದ ನೋಡಿದರೆ ಒಂದು ಪುಟ್ಟ ಗೋಪುರದಂತೆ ಕಾಣುತ್ತದೆ. ವಾಸ್ತವದಲ್ಲಿ ಕೆನ್ನೆಯ ಕಡೆಗೊಂದು, ನಾಲಿಗೆಯ ಕಡೆಗೊಂದು ಶಿಖರವಿದ್ದು ನಡುವೆ ಕುದುರೆಯ ಜೀನಿನ ಆಕಾರದ ತಗ್ಗಿರುತ್ತದೆ. ಆ ತಗ್ಗಿನ ಮೇಲ್ಪದರ ತೆಳುವು, ಉಳಿದ ವಸಡಿಗಿರುವ ಗಟ್ಟಿ ಹೊದಿಕೆ ಅದಕ್ಕಿಲ್ಲ. ಹೊರಗಿನ ವಸಡು ಗುಲಾಬಿ ಬಣ್ಣದಲ್ಲಿ ನಗುತ್ತಿರುವಾಗಲೇ ಅಲ್ಲಿ ಉರಿಯೂತ ಶುರುವಾಗಿರುತ್ತದೆ. ನಿಮ್ಮ ಐದರ ಅಂಕಿಗಳೆಲ್ಲ ಹಲ್ಲುಗಳ ನಡುವೆಯೇ ಬಂದದ್ದು ಈ ಕಾರಣಕ್ಕೆ.

ಈಗ ಆಯ್ಕೆ. ಹಲ್ಲುಗಳು ಒತ್ತಾಗಿ ಕೂಡಿಕೊಂಡು, ವಸಡು ಸಂದನ್ನು ಪೂರ್ತಿ ತುಂಬಿದ್ದರೆ ಅಲ್ಲಿ ದಾರ ಮಾತ್ರ ಹೋಗುತ್ತದೆ. ಎಳೆಯ ವಯಸ್ಸಿನವರಲ್ಲಿ, ಮುಂದಿನ ಬಾಚಿ ಹಲ್ಲುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ವಸಡು ಸ್ವಲ್ಪ ಕೆಳಗಿಳಿದು ಹಲ್ಲುಗಳ ಬುಡದಲ್ಲಿ ತ್ರಿಕೋನದಂತಹ ಜಾಗ ತೆರೆದಿದ್ದರೆ ಅಲ್ಲಿ ಪುಟ್ಟ ಬ್ರಷ್ಷೇ ಸರಿ. ಹಿಂದಿನ ಹಲ್ಲುಗಳ ಬದಿಗಳು ಗೋಡೆಯಂತೆ ನೇರವಾಗಿಲ್ಲ, ಬೇರಿನ ಕಡೆಗೆ ಹೋದಂತೆ ಒಳಕ್ಕೆ ಬಾಗಿರುತ್ತವೆ. ಮೇಲಿನ ಕೋರೆಹಲ್ಲಿನ ಹಿಂದೆ ಬರುವ ಮೊದಲ ಕಿರುದವಡೆ ಹಲ್ಲಿನ ಮುಂಬದಿಯಲ್ಲಂತೂ ಸ್ಪಷ್ಟವಾದ ಹಳ್ಳವೇ ಇದೆ. ಬಿಗಿದ ದಾರ ಆ ಹಳ್ಳದ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ, ಒಳಗಿರುವ ಕೊಳೆ ಹಾಗೇ ಉಳಿಯುತ್ತದೆ. ಬ್ರಷ್ಷಿನ ಎಳೆಗಳು ಮಾತ್ರ ಹಳ್ಳದೊಳಕ್ಕೆ ಚಾಚಿಕೊಳ್ಳುತ್ತವೆ.

ನೀವು ಹೇಳಿದ್ದನ್ನು ನೋಡಿದರೆ ಹಿಂದಿನ ಹಲ್ಲುಗಳಿಗೆ ಬ್ರಷ್, ಮುಂದಿನವಕ್ಕೆ ದಾರ ಬೇಕಾಗಬಹುದು. ರಕ್ತಕ್ಕೆ ಹೆದರಿ ಬಿಡಬೇಡಿ. ಊದಿಕೊಂಡ ವಸಡು ಮುಟ್ಟಿದರೆ ಒಸರುತ್ತದೆ, ಕೊಳೆ ತೆಗೆದಂತೆ ಒಸರುವುದು ಕಡಿಮೆಯಾಗುತ್ತದೆ. ಎರಡು ವಾರ ತಪ್ಪದೆ ಮಾಡಿದ ಮೇಲೂ ಅದೇ ಜಾಗದಿಂದ ರಕ್ತ ಬರುತ್ತಿದ್ದರೆ ಮತ್ತೆ ತೋರಿಸಿ. ದಾರ ಹರಿಯುವ ಆ ಬಲಬದಿಯ ಸಂದಿನ ವಿಷಯ ಬೇರೆ. ಅಲ್ಲಿ ಹಳೆಯ ಫಿಲ್ಲಿಂಗ್ ಇದೆಯೇ?

ಬೆಳಗಿನನಡಿಗೆ

ಇದೆ! ಹತ್ತು ವರ್ಷದ ಹಿಂದೆ ತುಂಬಿಸಿದ್ದು.

ಎರಡನೇಪಾಳಿ

ಹಾಗಾದರೆ ಅದರ ಅಂಚು ಹೊರಚಾಚಿರಬಹುದು, ಅಥವಾ ಪಕ್ಕದಲ್ಲಿ ಹೊಸ ಹುಳುಕು ಹಿಡಿದಿರಬಹುದು. ಯಾವಾಗಲೂ ಒಂದೇ ಜಾಗದಲ್ಲಿ ದಾರ ಹರಿದರೆ ಅಥವಾ ಒಂದೇ ಜಾಗದಲ್ಲಿ ಆಹಾರ ಸಿಕ್ಕಿಕೊಂಡರೆ ಕೈಚಳಕದ ತಪ್ಪೆಂದು ಸುಮ್ಮನಾಗಬಾರದು. ಆ ಹಲ್ಲು ಏನನ್ನೋ ಹೇಳುತ್ತಿದೆ. ಎಕ್ಸ್‌ರೇ ತೆಗೆಸಿ.

ಲೆಕ್ಕಕೇಳುವವನು

ಒಂದು ನೇರ ಪ್ರಶ್ನೆ, ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. 2016ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ದಾರದ ಬಳಕೆಗೆ ಇರುವ ವೈಜ್ಞಾನಿಕ ಆಧಾರ ದುರ್ಬಲ ಎಂದು ವರದಿ ಮಾಡಿತ್ತು. ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿಯಿಂದಲೂ ಆ ಸಲಹೆ ಬಿಟ್ಟುಹೋಗಿತ್ತು. ಅಷ್ಟಾದ ಮೇಲೂ ವೈದ್ಯರು ಇದನ್ನೇ ಹೇಳುತ್ತಿರುವುದು ಹಳೆಯ ಅಭ್ಯಾಸದ ಬಲದಿಂದಲ್ಲವೇ? ನಾನು ದಾರ ಬಳಸುವುದಿಲ್ಲ, ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ.

ಎರಡನೇಪಾಳಿ

ಕೇಳಬೇಕಾದ ಪ್ರಶ್ನೆಯೇ. ಆ ವರದಿ ಸುಳ್ಳೇನಲ್ಲ. ಆದರೆ ಆಧಾರ ದುರ್ಬಲ ಎನ್ನುವುದಕ್ಕೂ ಉಪಯೋಗವಿಲ್ಲ ಎನ್ನುವುದಕ್ಕೂ ನಡುವೆ ಬಹಳ ಅಂತರವಿದೆ. ವಸಡಿನ ಕಾಯಿಲೆ ವರ್ಷಗಟ್ಟಲೆ ತೆಗೆದುಕೊಂಡು ಬೆಳೆಯುತ್ತದೆ, ಅಧ್ಯಯನಗಳು ಹೆಚ್ಚಾಗಿ ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಮುಗಿದಿವೆ. 2019ರಲ್ಲಿ ಕೊಕ್ರೇನ್ ಸಂಸ್ಥೆ 35 ಪ್ರಯೋಗಗಳನ್ನು, ಒಟ್ಟು 3,929 ವಯಸ್ಕರ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿತು. ಬರೀ ಹಲ್ಲುಜ್ಜುವುದಕ್ಕಿಂತ ಜೊತೆಗೆ ದಾರವನ್ನೋ ಸಂದಿನ ಬ್ರಷ್ಷನ್ನೋ ಬಳಸಿದರೆ ವಸಡಿನ ಉರಿಯೂತ ಅಥವಾ ಪ್ಲಾಕ್, ಅಂದರೆ ಹಲ್ಲಿಗೆ ಅಂಟುವ ಕೊಳೆಯ ಪದರ, ಇನ್ನಷ್ಟು ಕಡಿಮೆಯಾಗಬಹುದು, ದಾರಕ್ಕಿಂತ ಬ್ರಷ್ ಹೆಚ್ಚು ಪರಿಣಾಮಕಾರಿ ಇರಬಹುದು ಎಂಬುದು ಅವರ ತೀರ್ಮಾನ. ಆಧಾರದ ಖಚಿತತೆ ಕಡಿಮೆ ಎಂದೂ ಅವರೇ ಒಪ್ಪಿಕೊಂಡಿದ್ದಾರೆ.

ಕೊಳೆಯಿಂದ ವಸಡು ಊದುತ್ತದೆ ಎನ್ನುವುದರಲ್ಲಿ ಮಾತ್ರ ಯಾವ ಅನುಮಾನವೂ ಉಳಿದಿಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹ್ಯಾರಲ್ಡ್ ಲೋ ಮತ್ತು ಸಂಗಡಿಗರು ವಸಡು ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಆರಂಭಿಸಿದ ಒಂದು ವಾರದ ಆಸುಪಾಸಿನಲ್ಲಿ ಮೊದಲಿನಂತಾಯಿತು. ನಿಮ್ಮ ಬಾಯಲ್ಲಿ ದಿನವೂ ಹಲ್ಲುಜ್ಜದೆ ಉಳಿಯುವ ಜಾಗವೊಂದಿದೆ, ಅದು ಸಂದು. ಹನ್ನೆರಡು ಜನರ ವಸಡಿಗೆ ಆದದ್ದು ಆ ಜಾಗದಲ್ಲಿ ಆಗುವುದಿಲ್ಲ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ತೊಂದರೆ ಆಗಿಲ್ಲ ಎಂದಿರಿ. ನೀವು ಧೂಮಪಾನ ಮಾಡುತ್ತೀರಾ? ಒತ್ತಾಯದ ಪ್ರಶ್ನೆಯಲ್ಲ, ಉತ್ತರಿಸದಿದ್ದರೂ ಸರಿ. ಸೇದುವವರ ವಸಡಿನ ರಕ್ತನಾಳಗಳು ಕುಗ್ಗಿರುವುದರಿಂದ ಕಾಯಿಲೆ ಇದ್ದರೂ ರಕ್ತ ಕಾಣಿಸಿಕೊಳ್ಳದೆ ಹೋಗುತ್ತದೆ. ಹಲ್ಲು ಅಲುಗಾಡುವ ಹಂತಕ್ಕೆ ಬಂದ ಮೇಲೆ ಮೊದಲ ಬಾರಿಗೆ ನನ್ನ ಬಳಿ ಬಂದವರನ್ನು ಕಂಡಿದ್ದೇನೆ. ಅವರಿಗೆ ಇದನ್ನು ತಿಳಿಸುವುದು ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ ಗಳಿಗೆ. ಮಧುಮೇಹ ಇರುವವರೂ ಎಚ್ಚರದಿಂದಿರಬೇಕು. ಸಕ್ಕರೆಯ ಅಂಶ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ.

ಲೆಕ್ಕಕೇಳುವವನು

ಸೇದುತ್ತೇನೆ. ತಪಾಸಣೆಗೆ ಸಮಯ ಗೊತ್ತು ಮಾಡಿಕೊಳ್ಳುತ್ತೇನೆ.

ಗೋಧೂಳಿ

ನಾನು ನಿವೃತ್ತ ಶಿಕ್ಷಕಿ, ವಯಸ್ಸು 71. ಬೆರಳುಗಳ ಗೆಣ್ಣುಗಳಲ್ಲಿ ಸಂಧಿವಾತ. ದಾರವನ್ನು ಎರಡು ಬೆರಳಿಗೆ ಸುತ್ತಿ ಹಿಂದಿನ ಹಲ್ಲಿಗೆ ಒಯ್ಯುವುದು ನನಗೆ ಸಾಧ್ಯವೇ ಇಲ್ಲ. ಬಹಳ ದಿನ ಇದನ್ನು ಯಾರಿಗೂ ಹೇಳಲಿಲ್ಲ. ವೈದ್ಯರು ಕೇಳಿದಾಗಲೆಲ್ಲ "ಮಾಡುತ್ತಿದ್ದೇನೆ" ಎಂದೇ ಉತ್ತರಿಸುತ್ತಿದ್ದೆ. ಕೊನೆಗೊಮ್ಮೆ ಬೆರಳುಗಳನ್ನು ತೋರಿಸಿ ನಿಜ ಹೇಳಿದಾಗ ಅವರು ಗದರಲಿಲ್ಲ. ಉದ್ದ ಹಿಡಿಕೆಯ, ತುದಿ ಬಾಗಿದ ಸಂದಿನ ಬ್ರಷ್ಷನ್ನು ಕೈಗಿತ್ತು, ಹಿಡಿಕೆಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಹಿಡಿತ ಸಿಗುತ್ತದೆ ಎಂದರು. ಬೆಳಕಿನಲ್ಲಿ ಕುಳಿತು ನಿಧಾನವಾಗಿ ಮಾಡುತ್ತೇನೆ. ಬಾಯಿಯನ್ನು ಅಗಲವಾಗಿ ತೆರೆಯದೆ ಅರ್ಧ ಮುಚ್ಚಿಕೊಂಡರೆ ಕೆನ್ನೆ ಸಡಿಲವಾಗಿ ಬ್ರಷ್ ಹಿಂದಿನವರೆಗೆ ಸಲೀಸಾಗಿ ಹೋಗುತ್ತದೆ. ಇದನ್ನು ನಾನೇ ಕಂಡುಕೊಂಡೆನೆಂದು ಸಂತೋಷಪಟ್ಟಿದ್ದೆ, ವೈದ್ಯರು ಎಲ್ಲರಿಗೂ ಹೇಳುವ ಮಾತೇ ಅದೆಂದು ಆಮೇಲೆ ತಿಳಿಯಿತು.

ಕೈ ಸ್ವಾಧೀನದಲ್ಲಿಲ್ಲದ ಅಣ್ಣನಿಗೆ ನಾನೇ ಇದೇ ಬ್ರಷ್ಷಿನಿಂದ ಹಲ್ಲಿನ ಸಂದು ಶುಚಿ ಮಾಡುತ್ತೇನೆ. ಇನ್ನೊಬ್ಬರ ಬಾಯಿಗೆ ದಾರ ಹಾಕುವುದು ಎಷ್ಟು ಕಷ್ಟ ಎಂದು ಮಾಡಿದವರಿಗಷ್ಟೇ ಗೊತ್ತು.

ಕಂಬಿಹಾಕಿದವಳು

ಹಲ್ಲು ಸರಿಪಡಿಸಲು ತಂತಿ ಹಾಕಿಸಿಕೊಂಡು ಎಂಟು ತಿಂಗಳಾಯಿತು. ತಂತಿಯ ಕೆಳಗಿನಿಂದ ದಾರ ಪೋಣಿಸಲು ಪ್ಲಾಸ್ಟಿಕ್ ಸೂಜಿ ಬೇಕು, ಒಂದೊಂದು ಸಂದಿಗೂ ಮತ್ತೆ ಮತ್ತೆ ಪೋಣಿಸಬೇಕು. ರಾತ್ರಿ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು, ಹಾಗಾಗಿ ವಾರಕ್ಕೆ ಎರಡು ದಿನ ಮಾತ್ರ ಮಾಡುತ್ತಿದ್ದೆ. ಈಗ ನೀರಿನ ಯಂತ್ರ ಮತ್ತು ಸಣ್ಣ ಬ್ರಷ್ ಎರಡನ್ನೂ ಬಳಸುತ್ತೇನೆ, ದಿನವೂ ಮಾಡುತ್ತೇನೆ. ನೀಲಿಪೆನ್ಸಿಲ್ ಅವರ ಮಾತಿನಲ್ಲಿ ಹುರುಳಿದೆ.

ಎರಡನೇಪಾಳಿ

ಹುರುಳಿದೆ, ಒಂದು ಮಿತಿಯೂ ಇದೆ. ನೀರಿನ ಧಾರೆ ಸಡಿಲ ಕೊಳೆಯನ್ನು, ಆಹಾರದ ಚೂರನ್ನು ಕೊಚ್ಚಿಕೊಂಡು ಹೋಗುತ್ತದೆ, ವಸಡಿನ ಉರಿಯೂತವನ್ನು ತಗ್ಗಿಸುತ್ತದೆ. ಹಲ್ಲಿಗೆ ಅಂಟಿಕೊಂಡ ಪದರ ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪ್ಲಾಕ್ ಎಂದರೆ ಉಳಿದ ಆಹಾರವಲ್ಲ, ಸೂಕ್ಷ್ಮಜೀವಿಗಳು ತಾವೇ ನೇಯ್ದುಕೊಂಡ ಅಂಟುಪೊರೆ. ನೀರು ತುಂಬಿಟ್ಟ ಪಾತ್ರೆಯ ಒಳಗೋಡೆಯ ಲೋಳೆ ಬರೀ ನೀರು ಸುರಿದರೆ ಹೋಗದು, ಉಜ್ಜಬೇಕು. ಹಾಗಾಗಿ ಬ್ರಷ್ ಹೋಗುವ ಜಾಗದಲ್ಲಿ ಬ್ರಷ್, ತಂತಿ ಅಥವಾ ಸೇತುವೆ ಹಲ್ಲಿನ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸಿದ ಕೃತಕ ಹಲ್ಲು) ಅಡಿಯಲ್ಲಿ ನೀರು. ಕಂಬಿಹಾಕಿದವಳು ಮಾಡುತ್ತಿರುವುದು ಸರಿಯಾಗಿದೆ. ಆದರೆ ನೀರಿನ ಯಂತ್ರ ಬಿಟ್ಟು ಬೇರೆ ಏನನ್ನೂ ಮಾಡಲಾರೆ ಎನ್ನುವವರಿಗೆ ಅದನ್ನೇ ದಿನವೂ ಮಾಡಿ ಎನ್ನುತ್ತೇನೆ. ಬಾಯಿ ಮುಕ್ಕಳಿಸುವ ದ್ರಾವಣ ಯಾವುದಕ್ಕೂ ಬದಲಿಯಲ್ಲ.

ನೀಲಿಪೆನ್ಸಿಲ್

ಲೋಳೆಯ ಹೋಲಿಕೆ ಮನಸ್ಸಿಗೆ ನಾಟಿತು. ಯಂತ್ರದ ಜೊತೆಗೆ ಬ್ರಷ್ಷನ್ನೂ ಪ್ರಯತ್ನಿಸುತ್ತೇನೆ. ಮಕ್ಕಳಿಗೆ ಯಾವಾಗ ಶುರು ಮಾಡಬೇಕು?

ಎರಡನೇಪಾಳಿ

ಎರಡು ಹಲ್ಲುಗಳು ಒಂದನ್ನೊಂದು ಮುಟ್ಟಿದ ದಿನದಿಂದ. ಹಿಡಿಕೆಗೆ ಬಿಗಿದ ದಾರ ಮಕ್ಕಳಿಗೆ ಅನುಕೂಲ, ಎಂಟು–ಹತ್ತು ವರ್ಷದವರೆಗೆ ದೊಡ್ಡವರು ಮಾಡಿಸಬೇಕು.

ಬೆಳಗಿನನಡಿಗೆ

ಬಣ್ಣಬಣ್ಣದ ಬ್ರಷ್‌ಗಳ ಒಂದು ಮಿಶ್ರ ಪೊಟ್ಟಣ ತಂದೆ. ಹಿಂದಿನ ಹಲ್ಲುಗಳ ನಡುವೆ ಒಂದು ಬಣ್ಣದ್ದು ಸರಾಗವಾಗಿ ಹೋಗುತ್ತದೆ, ಇನ್ನೊಂದನ್ನು ತಳ್ಳಬೇಕು. ಮೊನ್ನೆ ತಳ್ಳಿ ತಂತಿಯೇ ಬಾಗಿತು. ಅಳತೆ ಹೇಗೆ ತಿಳಿಯುವುದು? ಬೇರೆ ತಯಾರಕರ ಅದೇ ಬಣ್ಣದ್ದು ಬೇರೆ ಅಳತೆಯದಾಗಿತ್ತು!

ಎರಡನೇಪಾಳಿ

ಬಣ್ಣವನ್ನು ನಂಬಬೇಡಿ, ಒಬ್ಬೊಬ್ಬ ತಯಾರಕರ ಬಣ್ಣ ಒಂದೊಂದು ಬಗೆ. ಪೊಟ್ಟಣದ ಮೇಲೆ ಐಎಸ್ಒ (ಅಂತರರಾಷ್ಟ್ರೀಯ ಮಾನದಂಡ) ಎಂಬ ಗುರುತಿನ ಪಕ್ಕ 0ಯಿಂದ 8ರವರೆಗಿನ ಒಂದು ಅಂಕಿ ಇರುತ್ತದೆ, ಅದನ್ನು ನೋಡಿ. ಎಷ್ಟು ಸಣ್ಣ ರಂಧ್ರದಲ್ಲಿ ಆ ಬ್ರಷ್ ಒತ್ತಡವಿಲ್ಲದೆ ತೂರುತ್ತದೆ ಎಂಬುದರ ಸೂಚನೆ ಅದು. 0 ಎಂದರೆ 0.6 ಮಿಲಿಮೀಟರ್ ಅಥವಾ ಇನ್ನೂ ಕಿರಿದು, 2 ಎಂದರೆ ಸುಮಾರು 1 ಮಿಲಿಮೀಟರ್.

ಅಳತೆ ಸರಿಯಿದ್ದರೆ ಎಳೆಗಳು ಎರಡೂ ಹಲ್ಲುಗಳನ್ನು ಸವರುತ್ತಾ ಹೋಗುವುದು ಕೈಗೆ ತಿಳಿಯುತ್ತದೆ, ತಂತಿ ಮಾತ್ರ ಎಲ್ಲಿಯೂ ತಗುಲುವುದಿಲ್ಲ. ಏನೂ ತಗುಲದೆ ಗಾಳಿಯಲ್ಲಿ ಆಡಿದಂತಿದ್ದರೆ ಅದು ಚಿಕ್ಕದು. ತಂತಿ ಬಾಗಿದರೆ ದೊಡ್ಡದು ಅಥವಾ ಓರೆಯಾಗಿ ತೂರಿಸಿದ್ದೀರಿ. ಬಲವಂತ ಬೇಡವೇ ಬೇಡ, ಒಂದು ಅಳತೆ ಕೆಳಗಿಳಿಯಿರಿ. ಹೆಚ್ಚಿನವರಿಗೆ ಎರಡು ಅಥವಾ ಮೂರು ಅಳತೆ ಬೇಕಾಗುತ್ತದೆ. ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರಿಂದಲೇ ಪ್ರತಿ ಸಂದಿಗೂ ಅಳತೆ ಹಾಕಿಸಿ, ಹಲ್ಲುಗಳ ಚಿತ್ರವೊಂದರ ಮೇಲೆ ಬರೆಸಿಕೊಳ್ಳಿ. ಬರೆಯಲು ಅವರಿಗೆ ಐದು ನಿಮಿಷ ಸಾಕು, ಕೇಳುವ ಹಕ್ಕು ನಿಮಗಿದೆ. ನಾವು ವೈದ್ಯರು ಈ ಐದು ನಿಮಿಷವನ್ನು ಉಳಿಸಿಕೊಳ್ಳುತ್ತಿರುವುದು ದೊಡ್ಡ ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ.

ಬ್ರಷ್ಷನ್ನು ಒದ್ದೆ ಮಾಡಿಕೊಂಡು ನೇರವಾಗಿ ಒಳಕ್ಕೆ ಬಿಡಿ, ಪೂರ್ತಿ ಉದ್ದಕ್ಕೆ ಎರಡು ಮೂರು ಸಲ ಹೋಗಿಬರಲಿ, ಒಂದೊಂದು ಸಂದು ಮುಗಿದ ಮೇಲೂ ತೊಳೆಯಿರಿ. ಟೂತ್‌ಪೇಸ್ಟ್ ಹಚ್ಚುವ ಅಗತ್ಯವಿಲ್ಲ. ಎಳೆಗಳು ಸವೆದರೆ ಅಥವಾ ತಂತಿ ಬಾಗಿ ಮುರಿಯುವಂತಾದರೆ ಬದಲಿಸಿ.

ದಾರ ಬಳಸುವ ಜಾಗದಲ್ಲಿ: 45 ಸೆಂಟಿಮೀಟರ್‌ನಷ್ಟು ತೆಗೆದುಕೊಂಡು ಎರಡೂ ನಡುಬೆರಳುಗಳಿಗೆ ಸುತ್ತಿ, ನಡುವೆ ಎರಡು ಮೂರು ಸೆಂಟಿಮೀಟರ್ ಮಾತ್ರ ಬಿಡಿ. ಟಕ್ಕೆಂದು ಒತ್ತಿದರೆ ವಸಡು ಕತ್ತರಿಸುತ್ತದೆ. ಗರಗಸದಂತೆ ಮೆಲ್ಲಗೆ ಆಡಿಸುತ್ತಾ ಇಳಿಸಿ. ಒಳಗಿಳಿದ ಮೇಲೆ ಗರಗಸ ನಿಲ್ಲಿಸಿ, ಒಂದು ಹಲ್ಲನ್ನು ಅಪ್ಪಿಕೊಳ್ಳುವಂತೆ ದಾರವನ್ನು ಬಾಗಿಸಿ, ವಸಡಿನ ಅಂಚಿನ ಸ್ವಲ್ಪ ಒಳಗಿನಿಂದ ಮೇಲಕ್ಕೂ ಕೆಳಕ್ಕೂ ಸವರಿ. ಆಮೇಲೆ ಪಕ್ಕದ ಹಲ್ಲನ್ನು ಅಪ್ಪಿಸಿ. ಬಹಳ ಜನ ಒಳಗೆ ಹಾಕಿ ಹೊರಗೆ ತೆಗೆದು ಮುಗಿಯಿತು ಎನ್ನುತ್ತಾರೆ. ಸಿಕ್ಕಿಕೊಂಡ ಚೂರು ಬರುತ್ತದೆ, ಪೊರೆ ಉಳಿಯುತ್ತದೆ. ಮೇಣ ಇರಲಿ ಇಲ್ಲದಿರಲಿ, ಶುಚಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಒತ್ತಾದ ಹಲ್ಲಿಗೆ ಮೇಣದ್ದು ಸುಲಭವಾಗಿ ಜಾರುತ್ತದೆ.

ಹಳೆಯಸೇತುವೆ

ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ನನಗೆ ಎರಡು ಇಂಪ್ಲಾಂಟ್ ಹಲ್ಲುಗಳಿವೆ, ಅಂದರೆ ದವಡೆಯ ಎಲುಬಿಗೆ ಲೋಹದ ತಿರುಪು ಕೂರಿಸಿ ಅದರ ಮೇಲೆ ಕಟ್ಟಿದ ಕೃತಕ ಹಲ್ಲುಗಳು. ಅವುಗಳ ಸುತ್ತ ಸಾಮಾನ್ಯ ದಾರ ಬಳಸುತ್ತಿದ್ದೆ. ಒಂದರ ಸುತ್ತ ವಸಡು ಊದಿ ಕೀವು ಬಂತು. ಬಿಡಿಸಿ ನೋಡಿದಾಗ ಲೋಹದ ಒರಟು ಭಾಗಕ್ಕೆ ದಾರದ ಎಳೆಗಳು ಸುತ್ತಿಕೊಂಡಿದ್ದವು. ತೆಗೆದು ಸ್ವಚ್ಛ ಮಾಡಿದ ಮೇಲೆ ವಾಸಿಯಾಯಿತು. ಈಗ ತಂತಿಗೆ ಪ್ಲಾಸ್ಟಿಕ್ ಹೊದಿಸಿದ ಸಂದಿನ ಬ್ರಷ್ ಮಾತ್ರ. ಇಂಪ್ಲಾಂಟ್ ಇರುವವರು ತಮ್ಮ ವೈದ್ಯರನ್ನು ಕೇಳದೆ ದಾರ ಬಳಸಬೇಡಿ.

ಎರಡನೇಪಾಳಿ

ಇಂತಹ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲೂ ದಾಖಲಾಗಿವೆ. ವಸಡು ಇಳಿದು ಇಂಪ್ಲಾಂಟಿನ ಒರಟು ಮೈ ಹೊರಗೆ ಕಾಣುತ್ತಿದ್ದರೆ ಅಪಾಯ ಹೆಚ್ಚು. ಹೇಳಿದ್ದಕ್ಕೆ ಧನ್ಯವಾದ.

ಬೆಳಗಿನನಡಿಗೆ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಬಲಬದಿಯ ಹಳೆಯ ಫಿಲ್ಲಿಂಗಿನ ಅಂಚು ಹೊರಚಾಚಿತ್ತು, ಅದರ ಅಡಿಯಲ್ಲಿ ಹುಳುಕೂ ಇತ್ತು. ತೆಗೆದು ಹೊಸದಾಗಿ ತುಂಬಿಸಿದರು. ಅಂದಿನಿಂದ ಅಲ್ಲಿ ದಾರ ಒಮ್ಮೆಯೂ ಹರಿದಿಲ್ಲ.

ನಿನ್ನೆ ಮತ್ತೆ ಆ ಗೆರೆಕಡ್ಡಿಯ ಲೆಕ್ಕ ನಡೆಯಿತು. ಆರು ಐದುಗಳಲ್ಲಿ ಮೂರು ಈಗ ಮೂರಕ್ಕೆ ಇಳಿದಿವೆ, ಎರಡು ನಾಲ್ಕಕ್ಕೆ. ಒಂದು ಐದರಲ್ಲೇ ನಿಂತಿದೆ, ಅದನ್ನು ಇನ್ನೊಮ್ಮೆ ಆಳಕ್ಕೆ ಸ್ವಚ್ಛ ಮಾಡಿದರು. ರಕ್ತ ಹತ್ತನೇ ದಿನಕ್ಕೇ ಬಹುಪಾಲು ನಿಂತಿತ್ತು. ಒಂದು ವಿಚಿತ್ರ ಗಮನಿಸಿದೆ: ಮೊದಲು ಬಿಗಿಯಾಗಿದ್ದ ಬ್ರಷ್ ಈಗ ಸಡಿಲ, ಒಂದು ಅಳತೆ ಮೇಲಕ್ಕೆ ಹೋಗಬೇಕಾಯಿತು. ಬ್ರಷ್ಷಿನಿಂದ ಸಂದು ಅಗಲವಾಗುತ್ತಿದೆಯೇ ಎಂದು ಗಾಬರಿಯಾಯಿತು. ಊತ ಇಳಿದಿದ್ದರಿಂದ ಮೊದಲೇ ಇದ್ದ ಜಾಗ ಈಗ ಕಾಣುತ್ತಿದೆ ಅಷ್ಟೇ, ಹಲ್ಲುಗಳು ಸರಿದಿಲ್ಲ ಎಂದು ವೈದ್ಯರು ವಿವರಿಸಿದರು.

ರಾತ್ರಿ ಮೊದಲು ಸಂದು, ಆಮೇಲೆ ಹಲ್ಲುಜ್ಜುವುದು ಎಂದು ಕ್ರಮ ಬದಲಿಸಿಕೊಂಡಿದ್ದೇನೆ. ಕೊನೆಗೆ ಎಂದು ಇಟ್ಟುಕೊಂಡಾಗ ನಿದ್ದೆ ಗೆಲ್ಲುತ್ತಿತ್ತು. ಹಿಂದಿನ ಹಲ್ಲುಗಳಿಗೆ ಎರಡು ಅಳತೆಯ ಬ್ರಷ್, ಮುಂದಿನ ಹಲ್ಲುಗಳಿಗೆ ದಾರ, ಒಟ್ಟು ನಾಲ್ಕು ನಿಮಿಷ. ಚಿತ್ರದ ಮೇಲೆ ಬರೆಸಿಕೊಂಡ ಅಳತೆಯ ಹಾಳೆಯನ್ನು ಕನ್ನಡಿಯ ಮೂಲೆಗೆ ಅಂಟಿಸಿದ್ದೇನೆ.

ಲೆಕ್ಕಕೇಳುವವನು

ನಾನೂ ತೋರಿಸಿಕೊಂಡು ಬಂದೆ. ರಕ್ತ ಒಂದು ಹನಿಯೂ ಬಂದಿರಲಿಲ್ಲ, ಆದರೆ ಎರಡು ಕಡೆ ಆರು, ಒಂದು ಕಡೆ ಏಳು. ಮುಂದಿನ ವಾರದಿಂದ ಚಿಕಿತ್ಸೆ. ಬೆಳಗಿನನಡಿಗೆಯವರೇ, ಆ ಹಾಳೆಯಲ್ಲಿ ಅಳತೆಗಳನ್ನು ಹೇಗೆ ಗುರುತು ಹಾಕಿಸಿದಿರಿ, ಹಲ್ಲಿನ ಮೇಲೋ ಸಂದಿನ ಮೇಲೋ?

ಬೆಳಗಿನನಡಿಗೆ

ಸಂದಿನ ಮೇಲೆ. ಎರಡು ಹಲ್ಲುಗಳ ನಡುವೆ ಒಂದು ಚುಕ್ಕಿ, ಪಕ್ಕದಲ್ಲಿ ಐಎಸ್ಒ ಅಂಕಿ. ದಾರ ಹಾಕಬೇಕಾದಲ್ಲಿ ಸಣ್ಣ ಗೆರೆ. ಖಾಲಿ ಚಿತ್ರವೊಂದನ್ನು ನಿಮಗೆ ಕಳುಹಿಸುತ್ತೇನೆ, ಮುಂದಿನ ವಾರ ಹೋಗುವಾಗ ಮುದ್ರಿಸಿ ತೆಗೆದುಕೊಂಡು ಹೋಗಿ.